ಮಗ 68 ಹೊಡೆದ, ಪ್ರೊ ಮಾಡಿಸಬಹುದೇ?

ನಂದಿ ಬೆಟ್ಟದ ಬುಡದಲ್ಲೂ ಕೋಲಾರದ ಆಸುಪಾಸಿನಲ್ಲೂ ಗಾಲ್ಫ್ ಮೈದಾನಗಳು ಎದ್ದ ಮೇಲೆ ಈ ಕಡೆಯ ಮನೆಗಳಲ್ಲೂ ಮಕ್ಕಳನ್ನು ಪ್ರೊ (ವೃತ್ತಿಪರ ಆಟಗಾರ) ಮಾಡುವ ಪ್ರಶ್ನೆ ಶುರುವಾಗಿದೆ. (ಕೆಜಿಎಫ್‌ನವರು ನಗಬಹುದು, ಅಲ್ಲಿ ಗಣಿಯ ಬ್ರಿಟಿಷ್ ಅಧಿಕಾರಿಗಳ ಕಾಲದಿಂದಲೇ ಗಾಲ್ಫ್ ಇದೆ.) "ಸರ್, ಮಗ ಹೋದ ವಾರ 68 ಹೊಡ್ದ. ಪಿಯುಸಿ ಮುಗೀತಿದ್ದಂಗೆ ಪ್ರೊ ಮಾಡ್ಸಿಬಿಡೋಣ್ವಾ?" 18 ಹೋಲ್‌ನ ಒಂದು ರೌಂಡನ್ನು 68 ಹೊಡೆತದಲ್ಲಿ ಮುಗಿಸಿದ್ದು ಒಳ್ಳೆಯ ಸ್ಕೋರೇ, ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಅದೊಂದರಿಂದ ಏನೂ ತಿಳಿಯದು. ಕೊನೆಯ ಇಪ್ಪತ್ತು ಸ್ಕೋರ್ ಕಾರ್ಡ್ ತನ್ನಿ, ಅದರಲ್ಲೂ ಮನೆಯಲ್ಲಿ ತೋರಿಸದೆ ಮಡಚಿಟ್ಟಿದ್ದನ್ನು ಮೊದಲು ತೆಗೆಯಿರಿ.

ಕಾರಣ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಅಂಕಿ) ಲೆಕ್ಕದಲ್ಲಿದೆ. 2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಕೊನೆಯ 20 ರೌಂಡುಗಳಲ್ಲಿ ಅತ್ಯುತ್ತಮ 8ನ್ನು ಮಾತ್ರ ಹಿಡಿಯುತ್ತದೆ, ಉಳಿದ 12ನ್ನು ಮಾಫಿ ಮಾಡುತ್ತದೆ. ಕೋರ್ಸ್ ರೇಟಿಂಗ್ (ನುರಿತ ಆಟಗಾರನಿಂದ ನಿರೀಕ್ಷಿಸುವ ಸ್ಕೋರ್) 72, ಸ್ಲೋಪ್ (ಸಾಮಾನ್ಯ ಆಟಗಾರನಿಗೆ ಮೈದಾನ ಎಷ್ಟು ಕಠಿಣ ಎಂಬ ಅಂಕಿ) 113 ಇರುವ ಮೈದಾನದಲ್ಲಿ ಒಬ್ಬ ಹುಡುಗನ ಒಳ್ಳೆಯ ಎಂಟು ರೌಂಡು ಸರಾಸರಿ 71, ಉಳಿದ ಹನ್ನೆರಡು 77 ಎಂದುಕೊಳ್ಳಿ. ಹ್ಯಾಂಡಿಕ್ಯಾಪ್ ಪ್ಲಸ್ 1 (ರೇಟಿಂಗ್‌ಗಿಂತ ಒಂದು ಹೊಡೆತ ಉತ್ತಮ) ಎಂದು ತೋರಿಸುತ್ತದೆ, ಕ್ಲಬ್ಬಿನಲ್ಲಿ ಎಲ್ಲರೂ ಬೆನ್ನು ತಟ್ಟುತ್ತಾರೆ. ಇಪ್ಪತ್ತೂ ಸೇರಿಸಿದರೆ ಸರಾಸರಿ 74.6. ನಾಲ್ಕು ರೌಂಡಿಗೆ ಸುಮಾರು 298, ಪಾರ್ (ಮೈದಾನಕ್ಕೆ ನಿಗದಿಯಾದ ಹೊಡೆತ) 72ರಲ್ಲಿ ಹತ್ತು ಓವರ್, ಅಂದರೆ ಹತ್ತು ಹೊಡೆತ ಹೆಚ್ಚು. ವೃತ್ತಿಪರ ಟೂರ್‌ನಲ್ಲಿ ಈ ಎರಡನೇ ಲೆಕ್ಕವೇ ನಡೆಯುವುದು.

ಕಾಲೇಜು ಗಾಲ್ಫ್ ನಡುವಿನ ಮೆಟ್ಟಿಲು. ಅಮೆರಿಕದ ಕಾಲೇಜು ಟೂರ್ನಿಗಳಲ್ಲಿ ಸಾಮಾನ್ಯವಾಗಿ 54 ಹೋಲ್. ತಂಡಕ್ಕೆ ಐವರು ಆಡಿದರೆ ಪ್ರತಿ ರೌಂಡಿನಲ್ಲಿ ನಾಲ್ವರ ಸ್ಕೋರ್ ಮಾತ್ರ ಲೆಕ್ಕ. ಒಂದು ದಿನ ಕೈಕೊಟ್ಟರೂ ತಂಡ ಮುಳುಗುವುದಿಲ್ಲ, ಆದರೆ ಪದೇ ಪದೇ ಐದನೆಯವನಾದರೆ ಮುಂದಿನ ಟೂರ್ನಿಗೆ ಬ್ಯಾಗು ಕಟ್ಟುವ ಹಾಗಿಲ್ಲ. ಈ ದಾರಿ ಬೇಕಿದ್ದರೆ ತಯಾರಿ ಒಂಬತ್ತನೇ ತರಗತಿಯಲ್ಲೇ ಶುರುವಾಗಬೇಕು. ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎಯ ಡಿವಿಷನ್ 1ಕ್ಕೆ (ಮೇಲಿನ ದರ್ಜೆ) 9ರಿಂದ 12ನೇ ತರಗತಿಯವರೆಗಿನ 16 ಮುಖ್ಯ ವಿಷಯಗಳ ಅಂಕ ಬೇಕು, ಸರಾಸರಿ ಜಿಪಿಎ 2.3ಕ್ಕೆ ಕಡಿಮೆ ಇರಬಾರದು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಎಲ್ಲರ ಮನೆಯಲ್ಲೂ ಇರುತ್ತದೆ, ಎಡವುವುದು ಒಂಬತ್ತನೆಯದರಲ್ಲಿ. ಅದನ್ನು ಶಾಲೆಯಿಂದ ಆಗಲೇ ಸಹಿ, ಮೊಹರು ಹಾಕಿಸಿ ತೆಗೆದಿಡಿ. ಹತ್ತನೇ ತರಗತಿ ಮುಗಿದ ವರ್ಷದ ಜೂನ್ 15ರಿಂದ ಕೋಚ್‌ಗಳು ನೇರವಾಗಿ ಸಂಪರ್ಕಿಸಬಹುದು. ಅವರು ಕೇಳುವುದು ಎರಡು ಮೂರು ದಿನದ ಟೂರ್ನಿಗಳ ಸ್ಕೋರ್. ಊರ ಕ್ಲಬ್ಬಿನ ಭಾನುವಾರದ ಕಾರ್ಡಿಗೆ ಬೆಲೆಯಿಲ್ಲ.

ಕಾಲೇಜು ಕಡ್ಡಾಯವೇನಲ್ಲ. ಬೆಂಗಳೂರಿನ ಅದಿತಿ ಅಶೋಕ್ 17ರ ವಯಸ್ಸಿಗೆ, 2016ರಲ್ಲಿ ವೃತ್ತಿಪರರಾಗಿ ಅದೇ ವರ್ಷ ಮಹಿಳಾ ಇಂಡಿಯನ್ ಓಪನ್ ಗೆದ್ದರು. ಆದರೆ ಅದರ ಹಿಂದಿನ ವರ್ಷವೇ ಬ್ರಿಟಿಷ್ ಮಹಿಳಾ ಅಮೆಚೂರ್ (ಹವ್ಯಾಸಿಗಳ) ಸ್ಟ್ರೋಕ್ ಪ್ಲೇ ಗೆದ್ದಿದ್ದರು ಎಂಬುದನ್ನು ಜನ ಮರೆಯುತ್ತಾರೆ. ಅದು ಎಲ್ಲ ರೌಂಡೂ ಲೆಕ್ಕಕ್ಕೆ ಬರುವ ಟೂರ್ನಿ.

ಹಾಗಾದರೆ ಕೆಟ್ಟ ರೌಂಡು ಕೆಡುವುದೆಲ್ಲಿ? 77ರ ಕಾರ್ಡುಗಳಲ್ಲಿ ಡಬಲ್ ಬೋಗಿ (ಒಂದು ಹೋಲ್‌ನಲ್ಲಿ ಪಾರ್‌ಗಿಂತ ಎರಡು ಹೆಚ್ಚು), ತ್ರೀ ಪಟ್ (ಗ್ರೀನ್, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಮೂರು ಹೊಡೆತ), ಪೆನಾಲ್ಟಿ, ನೂರು ಯಾರ್ಡ್ ಒಳಗಿನಿಂದ ಗ್ರೀನ್ ತಪ್ಪಿದ್ದು, ಇವಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಬಹುತೇಕ ಮಕ್ಕಳಲ್ಲಿ ದೂರ ಹೊಡೆಯುವ ಡ್ರೈವರ್‌ಗಿಂತ ಸಣ್ಣ ದೂರದ ವೆಡ್ಜ್ ಮತ್ತು ಗ್ರೀನ್ ಮೇಲಿನ ಪಟರ್ ಹತ್ತಿರವೇ ಕೆಂಪು ಹೆಚ್ಚು. 40, 60, 80, 100 ಯಾರ್ಡಿನಿಂದ ಹತ್ತತ್ತು ಬಾಲ್ ಹೊಡೆಸಿ, ಪ್ರತಿಯೊಂದೂ ಹೋಲ್‌ನಿಂದ ಎಷ್ಟು ದೂರ ನಿಂತಿತು ಎಂದು ಅಳತೆಪಟ್ಟಿ ಹಿಡಿದು ಬರೆಯಿರಿ. ನೋಡಬೇಕಾದದ್ದು ಹತ್ತರಲ್ಲಿ ಅತಿ ಕೆಟ್ಟ ಮೂರನ್ನು. ಪಟ್ಟಿಂಗ್‌ನಲ್ಲಿ ತಪ್ಪು ನಿರೀಕ್ಷೆಯೇ ದೊಡ್ಡ ಕಾಟ. ಪಿಜಿಎ ಟೂರ್ ಆಟಗಾರರೂ ಎಂಟು ಅಡಿಯ ಪಟ್‌ನಲ್ಲಿ ಅರ್ಧದಷ್ಟನ್ನೇ ಹಾಕುವುದು. 33 ಅಡಿಯಿಂದ ಅವರಿಗೆ ಸರಾಸರಿ ಎರಡು ಪಟ್ ಬೇಕು. ಎಂಟು ಅಡಿ ತಪ್ಪಿತೆಂದು ಮುಖ ಊದಿಸಿಕೊಂಡು ಮುಂದಿನ ಹೋಲ್ ಕೆಡಿಸಿಕೊಳ್ಳುವ ಬದಲು, ಉದ್ದದ ಮೊದಲ ಪಟ್ಟನ್ನು ಮೂರು ಅಡಿಯೊಳಗೆ ನಿಲ್ಲಿಸುವ ಅಭ್ಯಾಸ ಮಾಡಿಸಿ.

ನಮ್ಮ ಭಾಗದ ಮಕ್ಕಳಿಗೇ ವಿಶೇಷವಾದ ತೊಂದರೆ ಇನ್ನೊಂದಿದೆ. ಕೋಲಾರ, ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 800-900 ಮೀಟರ್ ಎತ್ತರ. ತೆಳು ಗಾಳಿಯ ತಡೆ ಕಡಿಮೆ, ಹಾಗಾಗಿ ಬಾಲ್ ಶೇ 3ರಿಂದ 5ರಷ್ಟು ಹೆಚ್ಚು ದೂರ ಹೋಗುತ್ತದೆ. ಇಲ್ಲಿ 150 ಯಾರ್ಡ್ ಹೋಗುವ ಐರನ್ ಕೋಲಿನ ಹೊಡೆತ ಚೆನ್ನೈ, ಕೋಲ್ಕತ್ತಾದಲ್ಲಿ 143-145ಕ್ಕೆ ಕೂರುತ್ತದೆ. ಸುಮಾರು ಅರ್ಧ ಕ್ಲಬ್ (ಕೋಲು) ವ್ಯತ್ಯಾಸ. ಹುಡುಗನಿಗೆ ಸ್ವಿಂಗ್ ಕೆಟ್ಟಿದೆ ಅನಿಸಿ ಜೋರಾಗಿ ಬೀಸತೊಡಗುತ್ತಾನೆ, ಬಾಲ್ ಪೊದೆ ಸೇರುತ್ತದೆ. ಪ್ರಾಕ್ಟೀಸ್ ರೌಂಡಿನ ದಿನ ಸೆವೆನ್ ಐರನ್ ಮತ್ತು ಪಿಚಿಂಗ್ ವೆಡ್ಜ್‌ನಿಂದ ಐದೈದು ಬಾಲ್ ಹೊಡೆದು ಯಾರ್ಡೇಜ್ ಬುಕ್ (ದೂರಗಳ ಪುಸ್ತಕ) ತಿದ್ದಿಕೊಳ್ಳಲಿ, ಅದೂ ಪಂದ್ಯಕ್ಕೆ ಬಳಸುವ ಬಾಲ್‌ನಲ್ಲೇ. ರೇಂಜಿನ (ಅಭ್ಯಾಸದ ಜಾಗದ) ಸವೆದ ಬಾಲ್‌ಗಳ ದೂರ ನಂಬುವಂಥದ್ದಲ್ಲ.

ಹಣದ ವಿಷಯ ಚುಟುಕಾಗಿ. ಭಾರತದ ವೃತ್ತಿಪರ ಗಾಲ್ಫ್ ಟೂರ್ ಪಿಜಿಟಿಐನ ಟೂರ್ನಿಯಲ್ಲಿ ಎರಡು ರೌಂಡಾದ ಮೇಲೆ ಮೊದಲ 50 ಸ್ಥಾನ ಮತ್ತು ಅದಕ್ಕೆ ಸಮವಾದವರು ಕಟ್ ದಾಟುತ್ತಾರೆ, ಅಂದರೆ ಉಳಿದ ರೌಂಡು ಆಡುತ್ತಾರೆ. ಒಂದು ಕೋಟಿ ಬಹುಮಾನದ ಟೂರ್ನಿಯಲ್ಲಿ ಗೆದ್ದವರಿಗೆ 15 ಲಕ್ಷ. ಕಟ್ ತಪ್ಪಿದವರಿಗೆ ಸೊನ್ನೆ. ಪ್ರಯಾಣ, ರೂಮು, ಕ್ಯಾಡಿ, ಪ್ರವೇಶ ಶುಲ್ಕ ಮಾತ್ರ ಇಬ್ಬರಿಗೂ ಒಂದೇ. ಒಂದು ವಾರದ ಖರ್ಚು ಬರೆದು ವರ್ಷದ ಟೂರ್ನಿಗಳಿಂದ ಗುಣಿಸಿ, ಎರಡು ವರ್ಷಕ್ಕಾಗುವಷ್ಟು ಕೈಯಲ್ಲಿದೆಯೇ ನೋಡಿ.

ಅಮೆಚೂರ್ ಆಗಿದ್ದುಕೊಂಡೇ ಕ್ಯೂ ಸ್ಕೂಲ್ (ಟೂರ್‌ಗೆ ಆಯ್ಕೆಯ ಟೂರ್ನಿ) ಆಡಬಹುದು. ಕಾರ್ಡ್ (ಟೂರ್‌ನಲ್ಲಿ ಆಡುವ ಹಕ್ಕು) ಸಿಕ್ಕರೆ ಆಮೇಲೆ ತೀರ್ಮಾನಿಸಿದರಾಯಿತು. ಅಲ್ಲಿಯವರೆಗೆ ಅಮೆಚೂರ್ ಸ್ಥಾನಮಾನ ಕಾಯ್ದುಕೊಳ್ಳಿ. 2022ರ ನಿಯಮದಂತೆ ಪ್ರಾಯೋಜಕರ ಹಣ, ಟೀಶರ್ಟ್ ಮೇಲಿನ ಲೋಗೋ ಎಲ್ಲಕ್ಕೂ ಅಡ್ಡಿಯಿಲ್ಲ. ಸ್ಕ್ರ್ಯಾಚ್ (ಹ್ಯಾಂಡಿಕ್ಯಾಪ್ ರಿಯಾಯಿತಿ ಇಲ್ಲದ) ಟೂರ್ನಿಯಲ್ಲಿ 700 ಪೌಂಡ್‌ವರೆಗೆ ನಗದು ಬಹುಮಾನವನ್ನೂ ತೆಗೆದುಕೊಳ್ಳಬಹುದು, ಹ್ಯಾಂಡಿಕ್ಯಾಪ್ ಟೂರ್ನಿಯಲ್ಲಿ ನಗದು ಮುಟ್ಟುವಂತಿಲ್ಲ. ಎನ್‌ಸಿಎಎ ನಿಯಮ ಬೇರೆಯೇ, ಅದನ್ನು ಪ್ರತ್ಯೇಕವಾಗಿ ಓದಿ. ಮಕ್ಕಳು ಸಿಕ್ಕಿಬೀಳುವುದು ಸಣ್ಣದರಲ್ಲಿ: ಪಕ್ಕದ ಬಡಾವಣೆಯ ಅಂಕಲ್‌ಗೆ ಸ್ವಿಂಗ್ ಹೇಳಿಕೊಟ್ಟು ಐನೂರು ರೂಪಾಯಿ ತೆಗೆದುಕೊಂಡರೂ ಸ್ಥಾನಮಾನ ಹೋಯಿತು, ವಾಪಸ್ ಪಡೆಯಲು ಇಂಡಿಯನ್ ಗಾಲ್ಫ್ ಯೂನಿಯನ್‌ಗೆ ಅರ್ಜಿ ಹಾಕಿ ಕಾಯಬೇಕು.