ಮುಂದಿನ ಚಿತ್ರ ಸ್ವಲ್ಪ ಇಣುಕಲಿ

ನಂದಿ ಬೆಟ್ಟದ ತಪ್ಪಲಿನಲ್ಲಿ ಹೋಂಸ್ಟೇ ನಡೆಸುವವರಾಗಲಿ, ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗಳಾಗಲಿ, ವೆಬ್‌ಸೈಟ್ ಮಾಡಿಸಲು ಚಿಕ್ಕಬಳ್ಳಾಪುರದ ನಮ್ಮ ಕಚೇರಿಗೆ ಬಂದಾಗ ಬೇಡಿಕೆ ಹೆಚ್ಚುಕಡಿಮೆ ಒಂದೇ: ಫೋಟೊಗಳು ಅಡ್ಡಕ್ಕೆ ಸಾಲಾಗಿ ಸರಿಯಬೇಕು, ಅದೂ ತಾವಾಗಿಯೇ. ಮೊದಲ ಮಾತಿಗೆ ನನ್ನ ಒಪ್ಪಿಗೆಯಿದೆ, ಎರಡನೆಯದಕ್ಕೆ ಇಲ್ಲ. ನೋಡುತ್ತಿರುವ ಚಿತ್ರ ಕಣ್ಣೆದುರೇ ಜಾರಿಹೋದರೆ ಯಾರಿಗೆ ಲಾಭ? ಸರಿಸುವ ಅಧಿಕಾರ ನೋಡುವವರ ಬೆರಳಿಗೇ ಇರಲಿ.

ಇದಕ್ಕೆ ಭಾರದ ಸ್ಲೈಡರ್ ಸ್ಕ್ರಿಪ್ಟ್ ಬೇಕಿಲ್ಲ, ಪುಟದ ರೂಪ ಹೇಗಿರಬೇಕೆಂದು ಬರೆಯುವ ಸಿಎಸ್‌ಎಸ್ ಸಾಕು. ಚಿತ್ರಗಳನ್ನು ಹೊತ್ತ ಪೆಟ್ಟಿಗೆಗೆ ಸಾಲಾಗಿ ಜೋಡಿಸಲು ಡಿಸ್‌ಪ್ಲೇ ಫ್ಲೆಕ್ಸ್, ಹೆಚ್ಚಾದದ್ದು ಅಡ್ಡಕ್ಕೆ ಸರಿಯಲು ಓವರ್‌ಫ್ಲೋ-ಎಕ್ಸ್ ಆಟೊ, ನಡುವೆ 12 ಪಿಕ್ಸೆಲ್ ಗ್ಯಾಪ್ ಕೊಡಿ. ಇಷ್ಟಕ್ಕೇ ಬಿಟ್ಟರೆ ಚಿತ್ರಗಳು ಪರದೆಯ ಅಗಲದೊಳಗೇ ಹಿಂಡಿಕೊಂಡು ನಿಲ್ಲಬಹುದು. ಜಾಗ ಸಾಲದಾಗ ಕುಗ್ಗುವುದು ಫ್ಲೆಕ್ಸ್‌ನ ಹುಟ್ಟುಗುಣ. ಪ್ರತಿ ಚಿತ್ರಕ್ಕೂ ಫ್ಲೆಕ್ಸ್-ಶ್ರಿಂಕ್ ಸೊನ್ನೆ ಎಂದು ಬರೆಯಬೇಕು.

ನಿಜವಾದ ಕುಶಲತೆ ಇರುವುದು ಅಗಲದಲ್ಲಿ. ಚಿತ್ರವನ್ನು ಶೇಕಡ 100 ಅಗಲ ಮಾಡಿದರೆ ಮೊಬೈಲ್‌ನಲ್ಲಿ ಒಂದೇ ಚಿತ್ರ ತುಂಬಿ ನಿಲ್ಲುತ್ತದೆ. ಪಕ್ಕದಲ್ಲಿ ಇನ್ನೂ ಇವೆ ಎಂಬ ಸುಳಿವೇ ಸಿಗದೆ ಜನ ಕೆಳಗೆ ಸಾಗಿಬಿಡುತ್ತಾರೆ. ಶೇಕಡ 80 ಇಡಿ. 360 ಪಿಕ್ಸೆಲ್ ಅಗಲದ ಪೆಟ್ಟಿಗೆಯಲ್ಲಿ ಚಿತ್ರಕ್ಕೆ 288, ಗ್ಯಾಪಿಗೆ 12 ಹೋಗಿ 60 ಪಿಕ್ಸೆಲ್ ಉಳಿಯುತ್ತದೆ. ಅಲ್ಲಿ ಮುಂದಿನ ಚಿತ್ರ ಇಣುಕುತ್ತದೆ. ಬಾಣದ ಗುರುತು ಹೇಳುವುದನ್ನು ಆ ಅರೆಬರೆ ಅಂಚೇ ಹೇಳಿ ಮುಗಿಸುತ್ತದೆ. ದೊಡ್ಡ ಪರದೆಗೆ ಮಾತ್ರ 320 ಪಿಕ್ಸೆಲ್ ಗರಿಷ್ಠ ಮಿತಿ ಹಾಕಿ, ಕೊನೆಯಲ್ಲಿ ಕಾಣುವ ಚಿತ್ರ ಪೂರ್ತಿ ಒಳಗೆ ಬಂದು ಕೂತಿಲ್ಲವೇ ಎಂದು ಬೇರೆ ಬೇರೆ ಅಗಲಗಳಲ್ಲಿ ಪರೀಕ್ಷಿಸಬೇಕು.

ಎಲ್ಲಕ್ಕೂ ಒಂದೇ ಎತ್ತರ ಕೊಟ್ಟು, ಚಿತ್ರ ಆ ಚೌಕಟ್ಟನ್ನು ತುಂಬಲೆಂದು ಆಬ್ಜೆಕ್ಟ್-ಫಿಟ್ ಕವರ್ ಹಾಕುತ್ತೇವೆ. ಅದು ಚಿತ್ರವನ್ನು ಸೊಟ್ಟಗೊಳಿಸುವುದಿಲ್ಲ, ಆದರೆ ಅಂಚನ್ನು ಕತ್ತರಿಸುತ್ತದೆ. ಭೋಗನಂದೀಶ್ವರ ದೇವಾಲಯದ ಉದ್ದುದ್ದ ಫೋಟೊ ಕೊಟ್ಟವರು, ‘ಸರ್, ಶಿಖರದ ಕಳಶ ಎಲ್ಲಿ ಹೋಯಿತು?’ ಎಂದು ಕೇಳುವುದು ನ್ಯಾಯವೇ. ಆ ಚಿತ್ರಕ್ಕಷ್ಟೇ ಆಬ್ಜೆಕ್ಟ್-ಪೊಸಿಷನ್ ಟಾಪ್ ಎಂದರೆ ಕಳಶ ಉಳಿಯುತ್ತದೆ, ಕೆಳಗಿನ ಮೆಟ್ಟಿಲು ಹೋಗುತ್ತದೆ. ಯಾವುದನ್ನೂ ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಎತ್ತರವನ್ನು ಮಾತ್ರ ನಿಗದಿಪಡಿಸಿ, ಅಗಲವನ್ನು ಆಟೊಗೆ ಬಿಡಿ. ಅಡ್ಡ ಸಾಲಿಗೆ ಅದೂ ಒಪ್ಪುತ್ತದೆ.

ಬೆರಳು ಬಿಟ್ಟಾಗ ಚಿತ್ರ ಅಂಚಿಗೆ ಸರಿಯಾಗಿ ಬಂದು ನಿಲ್ಲಲು ಸ್ಕ್ರೋಲ್-ಸ್ನ್ಯಾಪ್ ಇದೆ. ಒಂದೇ ಅಳತೆಯ ಚಿತ್ರಗಳಿಗೆ ಮ್ಯಾಂಡೇಟರಿ (ಯಾವಾಗಲೂ ಅಂಚಿಗೇ ನಿಲ್ಲಿಸುವುದು), ಅಗಲ ಬೇರೆ ಬೇರೆಯಾಗಿದ್ದರೆ ಪ್ರಾಕ್ಸಿಮಿಟಿ (ಅಂಚು ಹತ್ತಿರವಿದ್ದರೆ ಮಾತ್ರ ನಿಲ್ಲಿಸುವುದು).

ಸ್ಕ್ರೋಲ್‌ಬಾರ್ ಮರೆಮಾಡುವ ಚಟ ಹೆಚ್ಚಿನ ವಿನ್ಯಾಸಕರಿಗಿದೆ. ಮೊಬೈಲ್‌ನಲ್ಲಿ ಅದರಿಂದ ನಷ್ಟವಿಲ್ಲ. ಮೇಜಿನ ಕಂಪ್ಯೂಟರಿನಲ್ಲಿ ಸಾಮಾನ್ಯ ಮೌಸ್ ಹಿಡಿದವರ ಪಾಡು ಬೇರೆ: ಚಕ್ರ ತಿರುಗಿಸಿದರೆ ಪುಟ ಕೆಳಗೆ ಹೋಗುತ್ತದೆ, ಶಿಫ್ಟ್ ಒತ್ತಿ ತಿರುಗಿಸಬಹುದೆಂದು ಎಷ್ಟು ಜನಕ್ಕೆ ಗೊತ್ತು? ಅಂಥವರಿಗಾಗಿ ಸ್ಕ್ರೋಲ್‌ಬಾರ್ ತೆಳ್ಳಗಾದರೂ ಇರಲಿ, ಇಲ್ಲವೇ ಎಡಬಲಕ್ಕೆ ಎರಡು ಬಟನ್ ಇಡಿ. ಪೆಟ್ಟಿಗೆಗೆ ಎಚ್‌ಟಿಎಂಎಲ್‌ನಲ್ಲಿ ಟ್ಯಾಬ್‌ಇಂಡೆಕ್ಸ್ ಸೊನ್ನೆ ಕೊಟ್ಟರೆ ಟ್ಯಾಬ್ ಕೀಲಿಯಿಂದ ಅದನ್ನು ತಲುಪಬಹುದು, ಆಗ ಕೀಲಿಮಣೆಯ ಬಾಣಗಳಿಂದಲೂ ಸಾಲು ಸರಿಯುತ್ತದೆ.