ಗುಡಿಸಿನ ದೀರ್ಘಕ್ಕೆ ಎಷ್ಟು ಬೈಟು?

ಕಳೆದ ಸೋಮವಾರ ಡೊಂಬಿವಲಿಯಿಂದ ಹೊರಟು, ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿಯ ಕಚೇರಿ ಸೇರುವಷ್ಟರಲ್ಲಿ ನನ್ನ ಪಾಲಿಗೊಂದು ದೂರು ಬಂದು ಕುಳಿತಿತ್ತು. ಗ್ರಾಹಕರೊಬ್ಬರು ಅರ್ಜಿಯಲ್ಲಿ ದೇವನಾಗರಿ ಲಿಪಿಯಲ್ಲಿ ತುಂಬಿದ್ದ ‘ಲಕ್ಷ್ಮೀನಾರಾಯಣ’ ಎಂಬ ಹೆಸರು ರಸೀದಿಯ ಮೇಲೆ ‘ಲಕ್ಷ್ಮೀನಾರ’ ಎಂದಷ್ಟೇ ಅಚ್ಚಾಗಿತ್ತು. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ತುಂಬಿದರೆ ಒಂದಕ್ಷರವೂ ಕಡಿಮೆಯಾಗುತ್ತಿರಲಿಲ್ಲ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಆದರೆ ಅದನ್ನು ಬಿಡಿಸಿ ಹೇಳಬೇಕು. ‘ಲಕ್ಷ್ಮೀನಾರಾಯಣ’ ಎಂಬಲ್ಲಿ ಎಷ್ಟು ಅಕ್ಷರಗಳಿವೆ ಎಂದು ಯಾರನ್ನಾದರೂ ಕೇಳಿದರೆ ಲ, ಕ್ಷ್ಮೀ, ನಾ, ರಾ, ಯ, ಣ ಎಂದು ಬೆರಳು ಮಡಚಿ ಆರು ಎನ್ನುತ್ತಾರೆ. ಗಣಕದ ಲೆಕ್ಕ ಬೇರೆ. ಲೋಕದ ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಒಂದೊಂದು ಸಂಕೇತ ಗೊತ್ತುಮಾಡಿರುವ ಮಾನಕವೇ ಯೂನಿಕೋಡ್. ಯೂನಿಕೋಡ್‌ನಲ್ಲಿ ‘ಕ್ಷ್ಮೀ’ ಎಂಬುದಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಕ, ವಿರಾಮ (ವ್ಯಂಜನದ ಅಕಾರವನ್ನು ಕಳೆಯುವ ಚಿಹ್ನೆ), ಷ, ವಿರಾಮ, ಮ, ದೀರ್ಘದ ಗುಣಿತಚಿಹ್ನೆ ಎಂದು ಆರು ಸಂಕೇತಗಳು ಒಂದರ ಹಿಂದೊಂದು ನಿಂತು ಆ ಒಂದು ಅಕ್ಷರವನ್ನು ಕಟ್ಟುತ್ತವೆ. ಹೀಗೆ ಇಡೀ ಹೆಸರಿಗೆ ಹದಿಮೂರು ಸಂಕೇತಗಳಾಗುತ್ತವೆ. ಈ ಸಂಕೇತಗಳನ್ನು ಗಣಕದಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ್ದಾಗಲಿ ದೇವನಾಗರಿಯದ್ದಾಗಲಿ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ (ಗಣಕದಲ್ಲಿ ಜಾಗವನ್ನು ಅಳೆಯುವ ಘಟಕ) ಬೇಕಾಗುವುದರಿಂದ ಒಟ್ಟು 39 ಬೈಟ್. ಇಂಗ್ಲಿಷಿನಲ್ಲಿ ಇದೇ ಹೆಸರು 15 ಬೈಟುಗಳಲ್ಲಿ ಮುಗಿಯುತ್ತದೆ. ನಮ್ಮ ಹಳೆಯ ಡೇಟಾಬೇಸಿನಲ್ಲಿ ಹೆಸರಿಗೆಂದು ಬಿಟ್ಟಿದ್ದ ಜಾಗ 30 ಬೈಟ್. ಹತ್ತು ಸಂಕೇತ ತುಂಬಿದ ಕೂಡಲೇ ಪ್ರೋಗ್ರಾಂ ಉಳಿದುದನ್ನು ಕತ್ತರಿಸಿ ಹಾಕುತ್ತಿತ್ತು.

ಮಂಗಳವಾರ ಜಾಗವನ್ನು ಹಿಗ್ಗಿಸಿದೆವು, ಕತ್ತರಿಸಲೇಬೇಕಾಗಿ ಬಂದರೆ ಗುಣಿತ ಒತ್ತುಗಳ ನಡುವೆ ಕತ್ತರಿಸಬಾರದೆಂಬ ನಿಯಮ ಸೇರಿಸಿದೆವು, ಮರಾಠಿ ಸಹೋದ್ಯೋಗಿ ತನ್ನ ಮನೆಮಂದಿಯ ಹೆಸರುಗಳನ್ನೆಲ್ಲ ಹಾಕಿ ಪರೀಕ್ಷಿಸಿದರು. ಒಬ್ಬರ ಹೆಸರು ಅರ್ಧವಾಗುವುದು ಸಣ್ಣ ದೋಷವೆಂದು ನನಗೆ ಯಾವತ್ತೂ ಅನಿಸಿಲ್ಲ.

ಈ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಿಡುವಿನಲ್ಲಿ ನಾನು ಮಾಡುವ ಕೆಲಸವೂ ಅಕ್ಷರಗಳದ್ದೇ. ನಮ್ಮ ಬಡಾವಣೆಯ ಕನ್ನಡಿಗರ ಪುಟ್ಟ ವಾಚನಾಲಯದ ಪುಸ್ತಕಗಳಿಗೆ ಹುಡುಕಬಹುದಾದ ಪಟ್ಟಿಯೊಂದನ್ನು ಒಂದು ವರ್ಷದಿಂದ ಸಿದ್ಧಪಡಿಸುತ್ತಿದ್ದೇನೆ. ಅಲ್ಲಿನ ಪುಸ್ತಕಗಳನ್ನು ನೋಡಿಕೊಳ್ಳುವವರು ಒಬ್ಬ ನಿವೃತ್ತ ಮಾಸ್ತರರು; ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಬರುತ್ತಿದ್ದ ಹುಡುಗರಿಗೆ ಮುಂಬೈಯ ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿಸಿದವರು. ಗುರುವಾರ ರಾತ್ರಿ ಅವರ ಫೋನು ಬಂತು. “ನೋಡಿ ಮಾರಾಯರೇ, ‘ಜೀವನ’ ಅಂತ ಹುಡುಕಿದರೆ ನಿಮ್ಮ ಪಟ್ಟಿ ಹನ್ನೊಂದು ಪುಸ್ತಕ ತೋರಿಸುತ್ತದೆ. ನನ್ನ ಕಪಾಟಿನಲ್ಲಿ ಹದಿನಾರು ಉಂಟು. ಐದು ಎಲ್ಲಿ ಹೋದವು?”

ಐದೂ ಪಟ್ಟಿಯಲ್ಲೇ ಇದ್ದವು. ಪರದೆಯ ಮೇಲೆ ಎರಡು ಬಗೆಯ ‘ಜೀವನ’ವನ್ನೂ ಅಕ್ಕಪಕ್ಕ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಬೈಟುಗಳನ್ನು ಎಣಿಸಿದಾಗ ಒಂದರಲ್ಲಿ 12, ಇನ್ನೊಂದರಲ್ಲಿ 15 ಇದ್ದವು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳ ಕೋಷ್ಟಕವನ್ನು ಆ ರಾತ್ರಿ ಮತ್ತೊಮ್ಮೆ ತೆರೆದು ಕುಳಿತೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ, ಆ ಕೋಷ್ಟಕವನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಆದರೂ ಒಂದು ಸಂಗತಿಯನ್ನು ಗಮನಿಸಿರಲೇ ಇಲ್ಲ. ‘ಜೀ’ಯಲ್ಲಿರುವ ದೀರ್ಘದ ಚಿಹ್ನೆಯನ್ನು ಎರಡು ರೀತಿಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಮೊದಲು ಗುಡಿಸಿನ ಸಂಕೇತ, ಅದರ ಬಲಕ್ಕೆ ಬರುವ ದೀರ್ಘದ ಎಳೆಗೆ ಇನ್ನೊಂದು ಸಂಕೇತ ಎಂದು ಬಿಡಿಸಿ. ಎರಡೂ ಸಮಾನವೆಂದು ಯೂನಿಕೋಡ್ ಒಪ್ಪುತ್ತದೆ. ದೇವನಾಗರಿಯ ದೀರ್ಘ ಈಕಾರಕ್ಕೆ ಇಂಥ ವಿಭಜನೆಯಿಲ್ಲ. ಮಂಗಳವಾರದ ಪರೀಕ್ಷೆಯಲ್ಲಿ ಈ ತೊಡಕು ಸುಳಿಯದೇ ಇದ್ದುದಕ್ಕೆ ಅದೇ ಕಾರಣ. ಕಣ್ಮರೆಯಾಗಿದ್ದ ಐದು ಶೀರ್ಷಿಕೆಗಳನ್ನು ನಾವು ಕೈಯಿಂದ ಟೈಪಿಸಿರಲಿಲ್ಲ, ಮುಖಪುಟಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದ ಒಂದು ಹಳೆಯ ಗಣಕದ ಕಡತಗಳ ಹೆಸರಿನಿಂದ ತೆಗೆದುಕೊಂಡಿದ್ದೆವು. ಆ ಗಣಕ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಬರೆದಿಡುತ್ತಿತ್ತು.

ಮರುದಿನ ಸಂಜೆ ಇದನ್ನು ಮಾಸ್ತರರಿಗೆ ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಪೆನ್ನು ತೆಗೆದುಕೊಂಡು, ಬಾಯಲ್ಲಿ ಹೇಳುತ್ತಲೇ ಬರೆದರು: “ಕ ಗುಡಿಸು ಕಿ, ಗುಡಿಸಿನ ದೀರ್ಘ ಕೀ.” ಮೊದಲು ‘ಕಿ’ ಮೂಡಿತು, ಬಳಿಕ ಅದರ ಪಕ್ಕಕ್ಕೆ ದೀರ್ಘದ ಎಳೆ. ನಾನು ರಾತ್ರಿಯಿಡೀ ಕೋಷ್ಟಕದಲ್ಲಿ ಓದಿದ್ದು ಒಂದನೇ ತರಗತಿಯ ಹಲಗೆಯ ಮೇಲೆ ಇದ್ದದ್ದೇ ಆಗಿತ್ತು. ‘ಕೋ’ ಇನ್ನೂ ಸೊಗಸಾಗಿದೆ. ಪೂರ್ತಿ ಬಿಡಿಸಿದರೆ ಕಕಾರದ ಮುಂದೆ ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಎಳೆ ಎಂದು ಮೂರು ಚಿಹ್ನೆಗಳು ಸಾಲಾಗಿ ನಿಲ್ಲುತ್ತವೆ. ನಮ್ಮ ಕೈ ಬರೆಯುವ ಕ್ರಮವನ್ನೇ ಈ ಮಾನಕ ನೆನಪಿಟ್ಟುಕೊಂಡಿದೆಯಲ್ಲ ಎಂದು ನನಗೆ ನಿಜವಾಗಿಯೂ ಸಂತೋಷವಾಯಿತು.

ಪರಿಹಾರ ಸುಲಭದ್ದು. ನಾರ್ಮಲೈಸೇಶನ್ ಎಂಬ ಕ್ರಿಯೆಯಿಂದ ಎಲ್ಲ ಪಠ್ಯವನ್ನೂ ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ, ತರಬೇಕು; ಪಟ್ಟಿಯಲ್ಲಿರುವುದನ್ನೂ ತರಬೇಕು, ಓದುಗರು ಹುಡುಕಲು ಟೈಪಿಸಿದ್ದನ್ನೂ ತರಬೇಕು. ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇದು ಒಂದು ಸಾಲಿನ ಕೆಲಸ. ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವ ಕಿರಿಯ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ: ಆ ಒಂದು ಸಾಲನ್ನು ಮೊದಲ ದಿನವೇ ಬರೆಯಿರಿ.

ಭಾನುವಾರ ಅಚ್ಚು ಹಾಕಿದ ಪಟ್ಟಿಯನ್ನು ತಿರುವಿ ಹಾಕುತ್ತ ಮಾಸ್ತರರು ಮತ್ತೊಂದು ತಪ್ಪು ಹಿಡಿದರು. ಅದರಲ್ಲಿ ‘ಕಳಶ’ ಎಂಬುದು ‘ಕವಿತೆ’ಗಿಂತ ಮೊದಲೇ ಬಂದಿತ್ತು. ಯೂನಿಕೋಡ್ ಕೋಷ್ಟಕದಲ್ಲಿ ಲಕಾರದ ಬೆನ್ನಿಗೇ ಳಕಾರವಿದೆ, ವಕಾರ ಅದರ ನಂತರ. ನಮ್ಮ ವರ್ಣಮಾಲೆಯಲ್ಲಾದರೋ ಯ ರ ಲ ವ ಶ ಷ ಸ ಹ ಎಂದು ಹೇಳಿ ಕೊನೆಗೆ ಳ. ಸಂಕೇತಗಳ ಕ್ರಮವನ್ನೇ ಅಕಾರಾದಿ ಎಂದು ನಂಬಿ ವಿಂಗಡಿಸಿದ್ದು ನನ್ನ ತಪ್ಪು. ವರ್ಣಮಾಲೆಯ ಕ್ರಮವನ್ನು ನಿಯಮವಾಗಿ ಬರೆದು ಸರಿಪಡಿಸಿದೆ.

ಮಾಸ್ತರರು ಟೈಪಿಸುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಅವರೂ ಒಂದು ಕಾಲದಲ್ಲಿ ಇದೇ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು ಎಂದಾಗ, ಮಾಸ್ತರರು ಕೀಲಿಗಳ ಮೇಲಿಂದ ಕೈ ತೆಗೆದು ಒಂದು ಕ್ಷಣ ಸುಮ್ಮನಾದರು. ಆಮೇಲೆ ‘ಜೀವನ’ ಎಂದು ಟೈಪಿಸಿ ಹದಿನಾರನ್ನೂ ಎಣಿಸಿ ನೋಡಿದರು.

ಈ ವಾರಕ್ಕೆ ಉಳಿದಿರುವುದು ಕಣ್ಣಿಗೆ ಕಾಣದ ಎರಡು ಸಂಕೇತಗಳ ಪ್ರಶ್ನೆ. ‘ರಾಜ್‌ಕುಮಾರ್’ ಎಂಬಲ್ಲಿ ಕಕಾರವು ಜಕಾರದ ಒತ್ತಾಗದಂತೆ ತಡೆಯುವುದು ಒಂದು. ‘ರ‍್ಯಾಂಕ್’ ಎಂಬಲ್ಲಿ ರೇಫವು ಅರ್ಕಾವೊತ್ತಾಗದಂತೆ ನೋಡಿಕೊಳ್ಳುವುದು ಇನ್ನೊಂದು. ಓದುಗರು ಅವನ್ನು ಒಮ್ಮೆ ಹಾಕುತ್ತಾರೆ, ಒಮ್ಮೆ ಬಿಡುತ್ತಾರೆ. ಹುಡುಕುವಾಗ ಅವೆರಡನ್ನೂ ಲೆಕ್ಕಕ್ಕೆ ಹಿಡಿಯದೆ, ತೋರಿಸುವಾಗ ಮಾತ್ರ ಪುಸ್ತಕದಲ್ಲಿ ಇದ್ದ ಹಾಗೆಯೇ ಉಳಿಸಬೇಕೆಂದು ನಾವಿಬ್ಬರೂ ಒಪ್ಪಿದ್ದೇವೆ.