ಮೀನೆಣ್ಣೆ ಅತಿಯಾದರೆ: ಮೊದಲು ಡಬ್ಬಿ ತಿರುಗಿಸಿ ಓದಿ

‘ಮೀನೆಣ್ಣೆ ಜಾಸ್ತಿ ತಗೊಂಡರೆ ಏನಾಗುತ್ತೆ?’ ಅಂತ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳಿದರೆ ಥಟ್ಟನೆ ಉತ್ತರ ಕೊಡಬೇಡಿ. ಯಾವ ಮೀನೆಣ್ಣೆ ಅನ್ನೋದು ಮೊದಲು. ಔಷಧಿ ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕ ಕೂತಿರುವ ಎರಡು ಡಬ್ಬಿಗಳು ಬೇರೆ ಬೇರೆ. ಒಂದು, ಬೂತಾಯಿಯಂಥ ಮೀನಿನ ಮೈಯಿಂದ ತೆಗೆದ ಎಣ್ಣೆ. ಅದರಿಂದ ನಮಗೆ ಬೇಕಾದದ್ದು ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳು. ಇನ್ನೊಂದು ಕಾಡ್ ಲಿವರ್ ಆಯಿಲ್, ಅಂದರೆ ಕಾಡ್ ಮೀನಿನ ಯಕೃತ್ತಿನ ಎಣ್ಣೆ. ಒಮೆಗಾ-3 ಇದರಲ್ಲೂ ಇದೆ, ಜೊತೆಗೆ ಎ ಮತ್ತು ಡಿ ವಿಟಮಿನ್ ದಂಡಿಯಾಗಿವೆ. ತೊಂದರೆ ಶುರುವಾಗೋದು ಇಲ್ಲೇ.

ಒಂದು ಲೆಕ್ಕ ಹಾಕೋಣ. ಒಂದು ಟೀ ಚಮಚ ಕಾಡ್ ಲಿವರ್ ಆಯಿಲ್‌ನಲ್ಲಿ ಸುಮಾರು 4,500 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಎ ವಿಟಮಿನ್, 450 ಐಯು ಡಿ ವಿಟಮಿನ್, 0.8 ಗ್ರಾಂ ಇಪಿಎ-ಡಿಎಚ್‌ಎ ಇರುತ್ತವೆ. (ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬದಲಾಗುತ್ತದೆ.) ಯಾರೋ ದಿನಕ್ಕೆ 4 ಗ್ರಾಂ ಒಮೆಗಾ-3 ಬೇಕೆಂದು ಐದು ಚಮಚ ಕುಡಿದರು ಅಂದುಕೊಳ್ಳಿ. ಡಿ 2,250 ಐಯು ಆಯಿತು. ದಿನದ ಮಿತಿ 4,000, ಪರವಾಗಿಲ್ಲ. ಎ ಮಾತ್ರ 22,500 ಐಯು! ವಯಸ್ಕರ ಮಿತಿ 10,000, ಅಂದರೆ 3,000 ಮೈಕ್ರೋಗ್ರಾಂ. ಎರಡು ಪಟ್ಟು ದಾಟಿತು.

ಒಂದು ದಿನಕ್ಕೆ ಏನೂ ಆಗದೇ ಇರಬಹುದು. ಆದರೆ ಸಿ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋದಂತೆ ಇದು ಹೋಗೋದಿಲ್ಲ. ಕೊಬ್ಬಿನಲ್ಲಿ ಕರಗುವ ಎ ನಮ್ಮ ಯಕೃತ್ತಿನ ಸ್ಟೆಲೇಟ್ ಕೋಶಗಳಲ್ಲಿ ಸೇರಿಕೊಳ್ಳುತ್ತದೆ. ಮೀನು ತನ್ನ ಯಕೃತ್ತಿನಲ್ಲಿ ಕೂಡಿಟ್ಟದ್ದನ್ನು ನಾವು ನಮ್ಮದರಲ್ಲಿ ಕೂಡಿಡುತ್ತೇವೆ, ಅಷ್ಟೇ ವ್ಯತ್ಯಾಸ. ತಿಂಗಳುಗಟ್ಟಲೆ ಹೀಗಾದರೆ ತಲೆನೋವು, ಒಣಗಿ ಸುಲಿಯುವ ಚರ್ಮ, ಕೂದಲು ಉದುರುವುದು, ಮೂಳೆ ನೋವು, ಕೊನೆಗೆ ಯಕೃತ್ತಿಗೇ ಪೆಟ್ಟು. ಬಸುರಿನ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೂ ಅಪಾಯ: 1995ರಲ್ಲಿ ಪ್ರಕಟವಾದ, 22 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಅಧ್ಯಯನದಲ್ಲಿ, ಸಪ್ಲಿಮೆಂಟ್‌ನಿಂದ ದಿನಕ್ಕೆ 10,000 ಐಯುಗಿಂತ ಹೆಚ್ಚು ಎ ತೆಗೆದುಕೊಂಡವರ ಮಕ್ಕಳಲ್ಲಿ ಹುಟ್ಟು ನ್ಯೂನತೆಗಳು ಹೆಚ್ಚು ಕಂಡವು. ಇದನ್ನು ಕ್ಯಾರೆಟ್, ನುಗ್ಗೆಸೊಪ್ಪಿಗೆ ಅನ್ವಯಿಸಬೇಡಿ. ಅಲ್ಲಿರೋದು ಕ್ಯಾರೋಟಿನ್, ಅತಿಯಾದರೆ ಅಂಗೈ ಹಳದಿಯಾಗುತ್ತದೆ, ವಿಷವಾಗುವುದಿಲ್ಲ.

ಇಲ್ಲಿ ನನಗೇ ಒಂದು ಅನುಮಾನ ಬಂದಿತ್ತು. ಅಂಗನವಾಡಿಯಲ್ಲಿ ಪುಟ್ಟ ಮಗುವಿನ ಬಾಯಿಗೆ ಒಂದೇ ಸಲಕ್ಕೆ 2 ಲಕ್ಷ ಐಯು ಎ ಹಾಕುತ್ತಾರಲ್ಲ, ಅದು ಹೇಗೆ ಸರಿ? ಉತ್ತರ ಅದೇ ಯಕೃತ್ತಿನ ಗೋದಾಮಿನಲ್ಲಿದೆ. ಆ ಡೋಸ್ ಆರು ತಿಂಗಳಿಗೊಮ್ಮೆ. 180 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 1,100 ಐಯು. ಒಂದೆರಡು ದಿನ ವಾಂತಿ, ತಲೆನೋವು ಕೆಲವು ಮಕ್ಕಳಿಗೆ ಬರುತ್ತದೆ, ತಾನಾಗಿ ಹೋಗುತ್ತದೆ.

ಡಿ ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ಮೂತ್ರಪಿಂಡದಲ್ಲಿ ಕಲ್ಲು. ಕಾಡ್ ಲಿವರ್ ಆಯಿಲ್ ಜೊತೆಗೆ ಬೇರೆ ಡಿ ಸ್ಯಾಶೆಯನ್ನೂ ನುಂಗುವವರನ್ನು ಕೇಳಿ ನೋಡಿ.

ಇನ್ನು ಮೊದಲ ಡಬ್ಬಿಯ, ಮೀನಿನ ಮೈಯೆಣ್ಣೆಯ ಕಥೆ. ಡಬ್ಬಿಯ ಮುಂದೆ ದೊಡ್ಡದಾಗಿ ‘1000 ಮಿ.ಗ್ರಾಂ’ ಅಂತ ಇರುವುದು ಎಣ್ಣೆಯ ತೂಕ. ಹಿಂದೆ ತಿರುಗಿಸಿ: ಸಾಮಾನ್ಯ ಕ್ಯಾಪ್ಸೂಲ್‌ನಲ್ಲಿ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿ.ಗ್ರಾಂ. ಮೂರು ನುಂಗಿದರೂ ಗ್ರಾಂ ತಲುಪುವುದಿಲ್ಲ. ಮೀನಿನ ತೇಗು, ಹೊಟ್ಟೆ ಸಡಿಲವಾಗುವುದು ಇಷ್ಟೇ ಸಾಮಾನ್ಯ ಗೋಳು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2012ರಲ್ಲಿ ವಯಸ್ಕರಿಗೆ ದಿನಕ್ಕೆ 5 ಗ್ರಾಂವರೆಗಿನ ಇಪಿಎ-ಡಿಎಚ್‌ಎಯಿಂದ ಆತಂಕವಿಲ್ಲ ಎಂದಿತ್ತು. ಆ ಸಾಲನ್ನಷ್ಟೇ ಹೇಳಿ ಬಂದರೆ ಅಂಕ ಅರ್ಧ. ಆಮೇಲೆ ಬಂದ ಪ್ರಯೋಗಗಳಲ್ಲಿ ಹೃದಯದ ಲಯ ತಪ್ಪುವುದು, ಅಂದರೆ ಏಟ್ರಿಯಲ್ ಫಿಬ್ರಿಲೇಶನ್, ಹೆಚ್ಚಿದ್ದು ಕಂಡಿತು. ರಿಡ್ಯೂಸ್-ಇಟ್ ಎಂಬ ಪ್ರಯೋಗದಲ್ಲಿ ದಿನಕ್ಕೆ 4 ಗ್ರಾಂ ಶುದ್ಧ ಇಪಿಎ ಪಡೆದವರಲ್ಲಿ ಇದಕ್ಕಾಗಿ ಆಸ್ಪತ್ರೆ ಸೇರಿದವರು ಶೇ. 3.1, ಪಡೆಯದವರಲ್ಲಿ ಶೇ. 2.1. ರಕ್ತಸ್ರಾವವೂ ತುಸು ಹೆಚ್ಚಿತ್ತು. ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ತಾವಾಗಿ ಕ್ಯಾಪ್ಸೂಲ್ ಹೆಚ್ಚಿಸಿಕೊಂಡಿದ್ದರೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ, ಮತ್ತೆ ನೋಡಬೇಕಾಗುತ್ತದೆ.